ಪೆಟ್ಟಿಗೆ ಕಂಪ್ಯೂಟರ್ ತಂದವನು

ಔಷಧಿ ಅಂಗಡಿಯ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೋಲ್ಡರಿಂಗ್ ಹೊಗೆ ಕುಡಿದು ಬರುತ್ತಿದ್ದ ಆ ಒಣಕೆಮ್ಮು ಈಗ ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು. ಯಾರಿಂದ ಕೇಳಿದೆ ಎಂದು ಹುಬ್ಬು ಗಂಟಿಕ್ಕಬೇಡ, ಅಲ್ಲಿಗೇ ಬರುತ್ತೇನೆ. ತಲೆ ಒದ್ದೆ ಇಟ್ಟುಕೊಂಡೇ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ಮೆಟ್ಟಿಲು ಇಳಿಯುವಾಗ ಮಾತ್ರ ತಾನಿದ್ದೇನೆ ಎಂದು ನೆನಪಿಸುತ್ತದೆ. ನಿಮ್ಮಪ್ಪನಿಗೆ ಬಿ.ಪಿ. ಮಾತ್ರೆ ಒಂದರಿಂದ ಎರಡಾಗಿದೆ, ಹಟ ಮಾತ್ರ ಒಂದಿಷ್ಟೂ ಇಳಿದಿಲ್ಲ. ಈ ಕಾಗದ ನಿನ್ನ ಹೊಸ ವಿಳಾಸಕ್ಕೆ ಹೇಗೆ ಬಂತು ಎಂದು ನೀನು ಈಗಾಗಲೇ ಲಕೋಟೆ ತಿರುಗಿಸಿ ಮುರುಗಿಸಿ ನೋಡುತ್ತಿರುತ್ತೀಯ. ದಯವಿಟ್ಟು ಮೊದಲಿನಿಂದ ಓದು. ಕತೆ ಪುಸ್ತಕದ ಕೊನೆಯ ಹಾಳೆಯನ್ನು ಮೊದಲು ಓದುವ ನಿನ್ನ ಅಭ್ಯಾಸ ಇಲ್ಲಿ ಬೇಡ. ಫೋನು ಮಾಡಬಹುದಿತ್ತು, ನಂಬರೂ ಈಗ ನನ್ನ ಹತ್ತಿರ ಇದೆ. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಿಮ್ಮಪ್ಪ ಗೋಡೆಗೆ ಕಿವಿ ಕೊಟ್ಟು ನಿಂತಿರುತ್ತಾರೆ, ನನಗೆ ಒಂದು ಮಾತೂ ನೆಟ್ಟಗೆ ಹೇಳಲಾಗುವುದಿಲ್ಲ.

ನೀನು ಹೋದ ಮೇಲೂ ಮುಂದಿನ ಕೋಣೆಯ ರಿಪೇರಿ ಅಂಗಡಿ ನಡೆಯುತ್ತಲೇ ಇದೆ. ಹಳೆಯ ಪೆಟ್ಟಿಗೆ ಕಂಪ್ಯೂಟರುಗಳ ಹುಚ್ಚು ಹಿಡಿದವರು ಈಗ ಮೊದಲಿಗಿಂತ ಜಾಸ್ತಿಯಾಗಿದ್ದಾರೆ. ಹೊಲಿಗೆ ಮಷೀನಿನ ಡಬ್ಬಿಯಂಥದ್ದನ್ನು ಎರಡು ಕೈಯಲ್ಲಿ ಹೊತ್ತು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಮುಚ್ಚಳ ಬಿಚ್ಚಿ ಅದರಲ್ಲಿರುವ ಕೀಬೋರ್ಡನ್ನೂ ಅಂಗೈ ಅಗಲದ ಸ್ಕ್ರೀನನ್ನೂ ತೋರಿಸಿ, "ಇದು ನಮ್ಮಪ್ಪಂದು, ಓಡೋ ಹಾಗೆ ಮಾಡಿ" ಎನ್ನುತ್ತಾರೆ. ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ಆ ಕಾಲದಲ್ಲಿ ಮಾರಿದ್ದರಂತೆ. ಒಯ್ದವರ ಭುಜ ಇನ್ನೂ ಜಾಗದಲ್ಲಿದೆಯೋ ಇಲ್ಲವೋ! ನಿಮ್ಮಪ್ಪ ಪೊಲೀಸರ ಹಾಗೆ ವಿಚಾರಣೆ ಮಾಡುವುದೂ ನಿಂತಿಲ್ಲ. ಎಲ್ಲಿ ಇಟ್ಟಿದ್ರಿ, ಕಿಟಕಿ ಪಕ್ಕಾನಾ, ಕೊನೆಗೆ ಬಿಚ್ಚಿದ್ದು ಯಾರು, ಆನ್ ಮಾಡಿದಾಗ ಏನು ವಾಸನೆ ಬಂತು, ಯಾಕೆ ಆನ್ ಮಾಡೋಕೆ ಹೋದ್ರಿ. ಗಿರಾಕಿ ಬೆವರು ಒರೆಸಿಕೊಳ್ಳುವ ತನಕ ಬಿಡುವುದಿಲ್ಲ. ಅದಕ್ಕೇ, ಎರಡು ತಿಂಗಳ ಹಿಂದೆ ಒಬ್ಬ ಮನುಷ್ಯ ಬಂದು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟಾಗ ನಿಮ್ಮಪ್ಪ ಒಂದೇ ಒಂದು ಪ್ರಶ್ನೆ ಕೇಳದೆ, "ಇಟ್ಟು ಹೋಗಿ, ಶನಿವಾರ ಬನ್ನಿ" ಎಂದದ್ದು ಕೇಳಿ ನನ್ನ ಕಿವಿ ನೆಟ್ಟಗಾದವು. ನಾನು ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಪರದೆಯ ಸಂದಿಯಿಂದ ಅವನ ಬೆನ್ನು ಮಾತ್ರ ಕಂಡಿತು. ಪೆಟ್ಟಿಗೆ ಕಾಣಲಿಲ್ಲ, ನಾನು ಹೊರಗೆ ಬರುವಷ್ಟರಲ್ಲಿ ನಿಮ್ಮಪ್ಪ ಅದರ ಮೇಲೆ ಹಳೆಯ ಹೊದಿಕೆ ಎಳೆದಾಗಿತ್ತು.

ಅಂದಿನಿಂದ ಅವನು ಪ್ರತಿ ಶನಿವಾರ ಬರತೊಡಗಿದ. ವಯಸ್ಸು ಮೂವತ್ತರ ಆಸುಪಾಸು, ತೆಳ್ಳಗೆ, ತಲೆಗೂದಲು ಒಂದು ಕಡೆಗೆ ಮಾತ್ರ ಬಾಚಿದ ಹಾಗೆ. ನಡೆದರೆ ಸದ್ದೇ ಇಲ್ಲ. ನಮ್ಮ ಮೆಟ್ಟಿಲು ಮಗು ಹತ್ತಿದರೂ ಕಿರುಗುಟ್ಟುತ್ತದಲ್ಲ, ಇವನು ಹತ್ತಿದರೆ ತುಟಿ ಪಿಟಕ್ಕೆನ್ನುವುದಿಲ್ಲ. ಮನಸ್ಸಿನಲ್ಲೇ ಅವನಿಗೆ ಬೆಕ್ಕಿನ ಹೆಜ್ಜೆ ಎಂದು ಹೆಸರಿಟ್ಟೆ. ಮಾತಾಡುವಾಗ ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿಯನ್ನೇ ನೋಡುತ್ತಿದ್ದ. ಒಂದು ದಿನ ನೀರು ಕೊಡಲು ಹೋದಾಗ ಅವನ ಅಂಗಿಯ ತೋಳಿನ ತುದಿಯಲ್ಲಿ ಬಿಳಿಯ ಪುಡಿ ಕಂಡಿತು, ನುಣ್ಣಗೆ, ಹಿಟ್ಟಿನ ಹಾಗೆ. ಇನ್ನೊಂದು ದಿನ ಚೀಲದಿಂದ ಕರವಸ್ತ್ರ ತೆಗೆಯುವಾಗ ಸಣ್ಣ ಸಣ್ಣ ಚಾಕುಗಳು, ಕೊಕ್ಕೆಗಳು ಒಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದವು ಜಾರಿ ಬಿದ್ದವು. ಗಡಬಡಿಸಿ ಆರಿಸಿಕೊಂಡ. ಬಿಳಿಪುಡಿ, ಚಾಕು, ಸದ್ದಿಲ್ಲದ ಹೆಜ್ಜೆ. ನೀನೇ ಹೇಳು, ನನ್ನ ಜಾಗದಲ್ಲಿ ಇದ್ದಿದ್ದರೆ ನೀನು ಏನೆಂದುಕೊಳ್ಳುತ್ತಿದ್ದೆ? ಕೆಳಗಿನ ಔಷಧಿ ಅಂಗಡಿಯಾಕೆಗೆ ಹೇಳಿದೆ. ಆಕೆ ನನಗಿಂತ ಒಂದು ಕೈ ಮೇಲು. "ನಮ್ಮ ಅಂಗಡಿಗೂ ಬಂದಿದ್ದ ಕಣ್ರೀ, ಕೆಮ್ಮಿನ ಔಷಧಿ ಕೇಳ್ದ, ಅವನಿಗೇನೂ ಕೆಮ್ಮಿರ್ಲಿಲ್ಲ" ಎಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನೂ ಸುಮ್ಮನಿರದೆ ಅವನನ್ನು ಕೆಣಕಿ ನೋಡಿದೆ. "ಯಾರದಪ್ಪ ಈ ಕಂಪ್ಯೂಟರು?" ಎಂದರೆ, "ನಮ್ಮ ದೊಡ್ಡಪ್ಪಂದು" ಎಂದ. ಮುಂದಿನ ವಾರ ಏನೂ ಗೊತ್ತಿಲ್ಲದವಳ ಹಾಗೆ ಅದನ್ನೇ ಕೇಳಿದೆ. "ಆಫೀಸಿಂದು" ಎಂದ. ಔಷಧಿ ಅಂಗಡಿಯಾಕೆ ಕೇಳಿದಾಗ "ಸ್ನೇಹಿತನದು" ಎಂದನಂತೆ. ಸುಳ್ಳು ಹೇಳುವುದಕ್ಕೂ ಒಂದು ನೆನಪಿನ ಶಕ್ತಿ ಬೇಕಲ್ಲವೇ, ಅದೂ ಅವನಿಗಿರಲಿಲ್ಲ.

ಅವನದ್ದಾದರೂ ಹೋಗಲಿ, ಹೊರಗಿನವನು. ನಿಮ್ಮಪ್ಪನ ನಡತೆ ಅದಕ್ಕಿಂತ ಕೆಟ್ಟದಾಗಿತ್ತು. ಶನಿವಾರ ಬಂತೆಂದರೆ ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, "ನೀನು ಮಾರ್ಕೆಟ್ಟಿಗೆ ಹೋಗೋದಿಲ್ವಾ ಇವತ್ತು?" ಎಂದು ನನ್ನನ್ನು ಸಾಗಹಾಕಲು ನೋಡುತ್ತಿದ್ದರು. ಮದುವೆಯಾದಾಗಿನಿಂದ ಮಾರುಕಟ್ಟೆಯ ಸುದ್ದಿ ಎತ್ತದವರು! ನಾನು ಕೋಣೆಗೆ ಕಾಲಿಟ್ಟರೆ ಹೊದಿಕೆ ಎಳೆಯುವುದು, ಮೇಜಿನ ಡ್ರಾಯರು ತಳ್ಳುವುದು, ಸುಮ್ಮಸುಮ್ಮನೆ ರೇಡಿಯೋ ತಿರುಗಿಸುವುದು. ಇಂಥ ಪೆಟ್ಟಿಗೆಯನ್ನು ಅವರು ಎರಡು ವಾರದಲ್ಲಿ ಮುಗಿಸಿ ಕೊಡುವುದು ನಿನಗೂ ಗೊತ್ತು. ಇದಕ್ಕೆ ಮಾತ್ರ ತಿಂಗಳು ಕಳೆದರೂ "ಫ್ಲಾಪಿ ತಿರುಗಿಸೋ ಬೆಲ್ಟ್ ಬಂದಿಲ್ಲ, ಮುಂದಿನ ವಾರ ನೋಡೋಣ" ಎಂದು ಅವನಿಗೆ ಹೇಳುತ್ತಿದ್ದರು. ಬೆಲ್ಟು ಡ್ರಾಯರಿನಲ್ಲಿ ಕವರಿನ ಸಮೇತ ಬಿದ್ದಿತ್ತು. ಸೂಜಿ ಹುಡುಕುವಾಗ ನಾನೇ ಕಂಡಿದ್ದೆ. ಅದೇ ಡ್ರಾಯರಿನ ಹಿಂದೆ ಇನ್ನೊಂದು ಕಂಡೆ: ಆಲೂಗಡ್ಡೆ ಚಿಪ್ಸಿನ ಖಾಲಿ ಪ್ಯಾಕೆಟ್ಟುಗಳು, ಒಂದಲ್ಲ ಎರಡಲ್ಲ, ಮಡಚಿ ಮಡಚಿ ಒತ್ತಿಟ್ಟಿದ್ದರು. ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದ್ದರೂ! ನನಗೆ ತಲೆಯೊಳಗೆ ಒಂದಕ್ಕೊಂದು ಕೊಂಡಿ ಬಿತ್ತು. ಆ ಬೆಕ್ಕಿನ ಹೆಜ್ಜೆಯವನು ಇವರಿಗೆ ಚಿಪ್ಸು ತಂದುಕೊಟ್ಟು ಮರುಳು ಮಾಡಿ ಅಂಗಡಿಯನ್ನೇ ಬರೆಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನಗಬೇಡ. ವಯಸ್ಸಾದವರನ್ನು ಹೀಗೆ ಬುಟ್ಟಿಗೆ ಹಾಕಿಕೊಳ್ಳುವವರು ಇಲ್ಲವೇ?

ಕೊನೆಗೆ ಒಂದು ಶನಿವಾರ ಚೀಲ ಹಿಡಿದು ಮಾರುಕಟ್ಟೆಗೆ ಹೊರಟ ಹಾಗೆ ಮಾಡಿ, ಔಷಧಿ ಅಂಗಡಿಯಲ್ಲಿ ಕೂತೆ. ಅವನು ಬಂದು ಹೋದ. ಸ್ವಲ್ಪ ಹೊತ್ತಿಗೆ ನಿಮ್ಮಪ್ಪನೂ ಛತ್ರಿ ಹಿಡಿದು ಹಾರ್ಡ್‌ವೇರ್ ಅಂಗಡಿಯ ಕಡೆ ಹೋದರು. ನಾನು ಮಂಡಿನೋವನ್ನೂ ಮರೆತು ಮೇಲೆ ಬಂದು ಹೊದಿಕೆ ಎತ್ತಿದೆ.

ಮೊದಲು ಕಂಡದ್ದು ಹಿಡಿಕೆ. ಕಂದು ಚರ್ಮದ ಹಿಡಿಕೆ, ಒಂದು ತುದಿಯಲ್ಲಿ ಕಂದು ದಾರ, ಇನ್ನೊಂದು ತುದಿಯಲ್ಲಿ ನೀಲಿ. ಮಗಳೇ, ಆ ಹೊಲಿಗೆ ನನ್ನದು. ನನ್ನ ಹಳೆಯ ಪ್ರಯಾಣದ ಚೀಲದ ಚರ್ಮ ಕತ್ತರಿಸಿ ನಿನಗೆ ಹೊಲಿದು ಕೊಟ್ಟಿದ್ದು. ನಡುವೆ ಕಂದು ದಾರ ಮುಗಿದಾಗ "ನೀಲಿಯಾದ್ರೂ ಪರ್ವಾಗಿಲ್ಲಮ್ಮ, ಗಟ್ಟಿ ಇದ್ರೆ ಸಾಕು" ಎಂದವಳು ನೀನು. ಯಾವ ಮಷೀನಿಗಾಗಿ ನೀನೂ ನಿಮ್ಮಪ್ಪನೂ ಜಗಳವಾಡಿ ಮನೆ ಎರಡು ಹೋಳಾಯಿತೋ, ಅದೇ ಮಷೀನು. ಆ ದಿನವನ್ನು ನಾನು ಬೇಕೆಂದರೂ ಮರೆಯಲಾರೆ. ಒಂದೇ ಜಾತಿಯ ಎರಡು ಪೆಟ್ಟಿಗೆಗಳು, ಒಂದರ ಬೋರ್ಡು ಸತ್ತಿತ್ತು, ಇನ್ನೊಂದರ ಪಿಕ್ಚರ್ ಟ್ಯೂಬ್ ಒಡೆದಿತ್ತು. ಎರಡಕ್ಕೂ ಸರಿಯಾದ ಬಿಡಿಭಾಗ ಸಿಗುವ ತನಕ ಹಾಗೇ ಇಡಬೇಕು ಎಂದು ನಿಮ್ಮಪ್ಪ. ಅವರು ಊರಿನಲ್ಲಿಲ್ಲದಾಗ ನೀನು ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿ ಓಡಿಸಿಬಿಟ್ಟೆ. ಗಿರಾಕಿಗಳ ಎದುರಿಗೇ ಅವರು "ಇದು ರಿಪೇರಿ ಅಲ್ಲ, ಕಸಾಯಿ ಕೆಲಸ" ಎಂದರು. "ಎರಡು ಹೆಣ ಕಾಯ್ಕೊಂಡು ಕೂರೋದಕ್ಕಿಂತ ಒಂದು ಜೀವ ಉಳಿಸೋದು ಮೇಲು" ಎಂದು ನೀನಂದೆ. ಮಾರನೆಯ ದಿನ ಆ ಪೆಟ್ಟಿಗೆಯನ್ನು ಹೊತ್ತುಕೊಂಡೇ ಹೋದೆ. ಹೋದ ಹೊಸದರಲ್ಲಿ ನೀನು ಫೋನ್ ಮಾಡಿದಾಗ ಅವರೇ ಎತ್ತಿ, ಮಾತಾಡದೆ ಇಟ್ಟರಂತೆ. ಆಮೇಲೆ ನಿನ್ನ ನಂಬರೇ ಬದಲಾಯಿತು. ಮೂರು ವರ್ಷ.

ಈಗ ಯೋಚಿಸು. ನೀನು ಯಾರ ಕೈಗೂ ಕೊಡದ ಮಷೀನು, ನಿನ್ನ ಸುಳಿವೇ ಇಲ್ಲದೆ, ಚೀಲದಲ್ಲಿ ಚಾಕು ಇಟ್ಟುಕೊಂಡು ದಿನಕ್ಕೊಂದು ಸುಳ್ಳು ಹೇಳುವ ಒಬ್ಬ ಗಂಡಸಿನ ಕೈಯಲ್ಲಿ. ತಾಯಿಯ ತಲೆ ಎಲ್ಲೆಲ್ಲಿಗೆ ಓಡಬೇಡ? ಹಳೆಯ ನಂಬರಿಗೆ ಮಾಡಿದೆ, ಅಂಥ ನಂಬರೇ ಇಲ್ಲ ಎಂದು ಯಂತ್ರ ಹೇಳಿತು. ಆ ಒಂದು ವಾರ ದಿನಕ್ಕೆ ಹತ್ತು ಸಲ ಅದೇ ನಂಬರು ಒತ್ತಿದೆ. ನಿಮ್ಮಪ್ಪನಿಗೆ ಹೇಳೋಣವೆಂದರೆ ಅವರ ಮೇಲೂ ನಂಬಿಕೆ ಹೋಗಿತ್ತು. ಮೂರು ವರ್ಷ ಆ ಪೆಟ್ಟಿಗೆಯ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ ಮನುಷ್ಯ, ಈಗ ಅದನ್ನೇ ಮುಂದಿಟ್ಟುಕೊಂಡು ಕೂತಿದ್ದಾರೆ, ಮಗಳೆಲ್ಲಿ ಎಂದು ಕೇಳಬೇಕೆಂದು ಅನಿಸುವುದಿಲ್ಲವೇ? ಊಟಕ್ಕೆ ಕೂತಾಗ ಅವರ ಮುಖವನ್ನೇ ನೋಡುತ್ತಿದ್ದೆ. "ಏನು ಹಾಗೆ ನೋಡ್ತೀಯ?" ಎಂದರು. "ಏನಿಲ್ಲ" ಎಂದೆ. ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಕಳ್ಳರ ಹಾಗೆ ಓಡಾಡಿಕೊಂಡಿದ್ದೆವು.

ನಿನ್ನೆಯಲ್ಲ, ಅದರ ಹಿಂದಿನ ಶನಿವಾರಕ್ಕೆ ನಾನು ತಯಾರಾದೆ. ಸ್ನಾನದ ಮನೆಯ ಬಲ್ಬು ಹೋಗಿದೆ ಎಂದು ಸುಳ್ಳು ಹೇಳಿ ನಿಮ್ಮಪ್ಪನನ್ನು ಹೊರಗೆ ಕಳಿಸಿದೆ. ಔಷಧಿ ಅಂಗಡಿಯಾಕೆಗೆ "ನಾನು ಕೂಗಿದ್ರೆ ಜನ ಸೇರ್ಸು" ಎಂದು ಹೇಳಿಟ್ಟಿದ್ದೆ. ಅವನು ಬಂದ, ಸದ್ದಿಲ್ಲದೆ. "ಯಜಮಾನ್ರಿಲ್ವಾ?" ಎಂದ. "ಬರ್ತಾರೆ, ಕೂತ್ಕೊಳ್ಳಿ" ಎಂದು ಸ್ಟೂಲು ತೋರಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಅಡ್ಡ ನಿಂತೆ. ಕೈಗೆ ಸಿಕ್ಕಿದ್ದು ನಿಮ್ಮಪ್ಪನ ಸೋಲ್ಡರಿಂಗ್ ಐರನ್. ಅದನ್ನೇ ಹಿಡಿದೆ. "ಈ ಮಷೀನು ಯಾರದು?" ಎಂದೆ. "ದೊಡ್ಡಪ್ಪಂದು" ಎಂದ. "ಹೋದ ಸಲ ಆಫೀಸಿಂದು ಅಂದ್ರಿ." ಅವನು ಎಂಜಲು ನುಂಗಿ, "ದೊಡ್ಡಪ್ಪ... ಆಫೀಸಲ್ಲೇ ಇದ್ರು" ಎಂದ. ನನಗೆ ಇನ್ನು ತಡೆಯಲಾಗಲಿಲ್ಲ. "ಆ ಹಿಡಿಕೆ ಹೊಲಿದವಳು ನಾನು ಕಣೋ! ನನ್ನ ಮಗಳೆಲ್ಲಿ? ಏನ್ ಮಾಡಿದೆ ಅವಳಿಗೆ? ನಿಜ ಹೇಳು, ಇಲ್ಲಾಂದ್ರೆ ಈ ಕಾದ ಕಡ್ಡಿ ನಿನ್ನ ಮೂಗಿಗೆ ಇಡ್ತೀನಿ" ಎಂದೆ. ಇಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂತು ಎಂದರೆ ನನಗೇ ನಂಬಿಕೆಯಿಲ್ಲ. ಅವನು ಎರಡೂ ಕೈ ಮೇಲೆತ್ತಿ, "ಚೆನ್ನಾಗಿದ್ದಾಳೆ ಅತ್ತೆ! ದೇವ್ರಾಣೆ ಚೆನ್ನಾಗಿದ್ದಾಳೆ!" ಎಂದ.

ಅತ್ತೆ! ಒಂದು ಕ್ಷಣ ನನಗೆ ಆ ಪದದ ಅರ್ಥವೇ ತಿಳಿಯಲಿಲ್ಲ. ನೀನು ಚೆನ್ನಾಗಿದ್ದೀಯ ಎಂಬುದು ಮೊದಲು ತಲೆಗೆ ಹೋಯಿತು. ಆಮೇಲೆ ಇನ್ನೊಂದು ಹೋಯಿತು. "ಯಾರಿಗೆ ಯಾರೋ ಅತ್ತೆ?" ಎಂದೆ. ಅವನು ತಲೆ ತಗ್ಗಿಸಿದ. ಮಗಳ ಮದುವೆಯ ಸುದ್ದಿಯನ್ನು ಬಾಗಿಲಿಗೆ ಚಿಲಕ ಹಾಕಿಕೊಂಡು, ಅಳಿಯನಿಗೆ ಕಡ್ಡಿ ತೋರಿಸಿಕೊಂಡು ಕೇಳಿಸಿಕೊಂಡ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹಾಗೆಂದು ಥಟ್ಟನೆ ನಂಬಿದೆ ಎಂದುಕೊಳ್ಳಬೇಡ. ಫೋನಿನಲ್ಲಿ ನಿಮ್ಮಿಬ್ಬರ ಫೋಟೋ ತೋರಿಸಿದ. ಈಗಿನ ಕಾಲದಲ್ಲಿ ಯಾರ ಪಕ್ಕದಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಬಹುದು, ಅದು ನಡೆಯುವುದಿಲ್ಲ ಎಂದೆ. "ಅವಳಿಗೆ ಕೋಪ ಬಂದ್ರೆ ಏನ್ ಮಾಡ್ತಾಳೆ ಹೇಳು" ಎಂದೆ. "ಮಾತಾಡಲ್ಲ. ಕಪಾಟಿನಲ್ಲಿರೋದನ್ನೆಲ್ಲಾ ಕೆಳಗೆ ಹಾಕಿ ಮತ್ತೆ ಜೋಡಿಸ್ತಾಳೆ. ನಾನು ಮಧ್ಯೆ ಹೋದ್ರೆ ನನ್ನನ್ನೂ ಒಂದು ಕಡೆ ಜೋಡಿಸ್ತಾಳೆ" ಎಂದ. ಅಲ್ಲಿಗೆ ನನ್ನ ಕೈ ಕೆಳಗಿಳಿಯಿತು. ಬಿಳಿಪುಡಿ ಏನು ಎಂದು ಕೇಳಿದೆ. ಹಲ್ಲಿನ ಸೆಟ್ಟು ಮಾಡುವವನಂತೆ, ಅಚ್ಚು ತೆಗೆಯುವ ಗಾರೆಪುಡಿಯಂತೆ. ಚಾಕು ಕೊಕ್ಕೆಗಳೂ ಅದಕ್ಕೇ ಅಂತೆ. ನನ್ನ ಬಾಯಿಯನ್ನೇ ಯಾಕೆ ನೋಡುತ್ತಿದ್ದೆ ಎಂದರೆ, ಸಂಕೋಚದಿಂದ, "ನಿಮ್ಮ ಮೇಲಿನ ಸೆಟ್ಟು ಸ್ವಲ್ಪ ಸಡಿಲ ಇದೆ ಅತ್ತೆ, ಯಾರು ಮಾಡಿದ್ದು?" ಎಂದ. ಅಳುವುದೋ ನಗುವುದೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಹೊರಗಿನಿಂದ ನಿಮ್ಮಪ್ಪ ಬಾಗಿಲು ದಬದಬ ಬಡಿದರು. ಚಿಲಕ ತೆಗೆದೆ. ಬಲ್ಬು ಕೈಯಲ್ಲಿ ಹಿಡಿದು ಒಳಗೆ ಬಂದವರು ನನ್ನನ್ನು ನೋಡಿದರು, ಸ್ಟೂಲಿನ ಮೇಲೆ ಮುದುರಿ ಕೂತವನನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದರು. "ಅದಕ್ಕೆ ಪ್ಲಗ್ಗೇ ಹಾಕಿಲ್ವಲ್ಲೇ" ಎಂದರು. ಅವನು ಅದನ್ನು ಕೇಳಿ ಉಸಿರು ಬಿಟ್ಟ ರೀತಿ ನೀನು ನೋಡಬೇಕಿತ್ತು. ನಾನು ಒಂದೇ ಉಸಿರಿಗೆ ಹೇಳಿದೆ, ಇದು ನಮ್ಮ ಮಗಳ ಮಷೀನು, ಇವನು ಅವಳ ಗಂಡನಂತೆ, ನಿಮ್ಮ ಕಣ್ಣಿಗೆ ಅಷ್ಟೂ ಗೊತ್ತಾಗಲಿಲ್ಲವೇ ಎಂದೆ. ನಿಮ್ಮಪ್ಪ ಬಲ್ಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಗೊತ್ತು" ಎಂದರು. ಯಾವಾಗಿನಿಂದ ಎಂದೆ. "ಅವರು ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲಿಡೋವಾಗ್ಲೇ." ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವರು ನನ್ನ ಮುಖ ನೋಡದೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹೇಳಿದ್ರೆ ನೀನು ಕೇಳ್ತಿದ್ದೆ. ನೀನು ಕೇಳಿದ್ರೆ ಅವ್ರು ಬರೋದು ನಿಲ್ಲಿಸ್ತಿದ್ರು. ಅವ್ರು ನಿಲ್ಲಿಸಿದ್ರೆ ಅವಳ ಸುದ್ದಿ ಯಾರು ತರ್ತಿದ್ರು?"

ಆಗ ಒಂದೊಂದೇ ಹೊರಗೆ ಬಂತು. ಎರಡು ತಿಂಗಳು ಈ ಇಬ್ಬರು ಗಂಡಸರು ಒಬ್ಬರಿಗೊಬ್ಬರು ನಾಟಕ ಆಡಿಕೊಂಡು ಕೂತಿದ್ದಾರೆ! ನಿಮ್ಮಪ್ಪ ಬೋರ್ಡು ಒರೆಸುತ್ತಾ, "ಇದನ್ನ ಉಪಯೋಗಿಸೋರು ಕೀ ಜೋರಾಗಿ ಒತ್ತುತ್ತಾರಾ?" ಎಂದು ಕೇಳುವುದು. ಅವನು "ಕೋಪ ಬಂದಾಗ ಜೋರು, ಇಲ್ಲಾಂದ್ರೆ ಮೆತ್ತಗೆ" ಎನ್ನುವುದು. "ಹೊಗೆ ಹತ್ತಿರ ಕೂತು ಕೆಲಸ ಮಾಡೋರಿಗೆ ಕೆಮ್ಮು ಬರುತ್ತೆ, ಅವ್ರಿಗೆ ಹೇಗಿದೆ?" ಎಂದೊಮ್ಮೆ ಕೇಳಿದರಂತೆ. ಅದಕ್ಕೇ ಅವನು ಕೆಳಗಿನ ಅಂಗಡಿಯಲ್ಲಿ ಔಷಧಿ ಕೇಳಿದ್ದು. ಅಳಿಯನೆಂದು ತಿಳಿದಿತ್ತೇ ಎಂದರೆ, "ಯಾರೋ ಅವಳಿಗೆ ಬೇಕಾದವ್ರು ಅಂತ ಗೊತ್ತಿತ್ತು, ಉಳಿದದ್ದು ಅವಳೇ ಹೇಳ್ಲಿ ಅಂತ ಬಿಟ್ಟೆ" ಎಂದರು. ಮಾವನಿಗೆ ಏನೂ ಗೊತ್ತಿಲ್ಲ ಎಂದು ಇವನು ಬೀಗುತ್ತಿದ್ದ, ಅಳಿಯನಿಗೆ ಏನೂ ಗೊತ್ತಾಗಿಲ್ಲ ಎಂದು ಅವರು. ಬೆಲ್ಟು ಬಂದಿಲ್ಲ ಎಂದದ್ದೂ ಸುಳ್ಳೇ. ಕೆಲಸ ಮುಗಿದರೆ ಶನಿವಾರ ಮುಗಿಯುತ್ತದಲ್ಲ. ಚಿಪ್ಸಿನ ಪ್ಯಾಕೆಟ್ಟಿನ ವಿಷಯ ಕೇಳಿದೆ, ಬಿಡುತ್ತೇನೆಯೇ? ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೆ ಒಂದು ಸ್ಪಂಜಿನ ಬಿಲ್ಲೆ, ಅದರಡಿಯಲ್ಲಿ ಬೆಳ್ಳಿ ಹಾಳೆ ಇರುತ್ತದಂತೆ, ಸ್ಪಂಜು ಪುಡಿಯಾಗಿ ಕೀಲಿಗಳೆಲ್ಲಾ ಸತ್ತಿದ್ದವಂತೆ. ಪ್ಯಾಕೆಟ್ಟಿನ ಒಳಮೈ ಹೊಳೆಯುತ್ತದಲ್ಲ, ಅದನ್ನು ದುಂಡಗೆ ಕತ್ತರಿಸಿ ಒಂದೊಂದಕ್ಕೂ ಅಂಟಿಸಿದ್ದಾರೆ. ಹಾಗಾದರೆ ಒಳಗಿದ್ದ ಚಿಪ್ಸನ್ನು ಯಾರು ತಿಂದರು ಎಂದೆ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ನಾನು ಹೀಗೆ ಬರೆದೆ ಎಂದು ನಿಮ್ಮಪ್ಪನಿಗೆ ಗೊತ್ತಾಗಬಾರದು, ಆದರೂ ಬರೆಯುತ್ತೇನೆ. ಆ ಸಂಜೆ ಅವರು ನಿನ್ನ ಅಳವಡಿಕೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಅಳಿಯನಿಗೆ ತೋರಿಸುತ್ತಿದ್ದರು. ಒಂದು ಮಷೀನಿನ ಬೋರ್ಡು ಇನ್ನೊಂದಕ್ಕೆ ಕೂರಿಸಿದ ಜಾಗ. "ಎಲ್ಲಿ ಬೆಸುಗೆ ಹಾಕಿದಾಳೆ ಅಂತ ಹುಡುಕ್ಬೇಕು. ನನ್ನ ಕೈಯಲ್ಲಿ ಇಷ್ಟು ಸಣ್ಣಗೆ ಆಗಲ್ಲ" ಎಂದರು. ನಾನು ಪರದೆಯ ಹಿಂದೆ ನಿಂತು ಕೇಳಿಸಿಕೊಂಡೆ. ನನ್ನ ನೆರಳು ಕಂಡ ಕೂಡಲೇ ಅವರು ರೇಡಿಯೋ ತಿರುಗಿಸಿದರು.

ಇನ್ನು ನಿನ್ನ ವಿಷಯ. ಮಷೀನು ಕೆಟ್ಟು ನಿಂತಾಗ ನೀನು ಅದನ್ನು ಬಿಚ್ಚಿ, ಮೂರು ದಿನ ಕೂತು, ಸರಿಯಾಗದೆ ಮಂಚದ ಕೆಳಗೆ ತಳ್ಳಿ, ಆಮೇಲೆ ಸ್ಕ್ರೂಡ್ರೈವರನ್ನೇ ಮುಟ್ಟಲಿಲ್ಲವಂತೆ. ಯಾರಾದರೂ ರಿಪೇರಿಗೆಂದು ಬಂದರೆ "ಬಿಟ್ಬಿಟ್ಟಿದೀನಿ" ಎನ್ನುತ್ತೀಯಂತೆ. ಅದನ್ನು ನೋಡಲಾಗದೆ ಅವನು, ನಿಮ್ಮ ಊರಿನಲ್ಲೇ ಯಾರಿಗೋ ರಿಪೇರಿಗೆ ಕೊಟ್ಟಿದ್ದೇನೆ ಎಂದು ನಿನಗೆ ಸುಳ್ಳು ಹೇಳಿ, ಅಷ್ಟು ಭಾರ ಹೊತ್ತು, ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ತಂದದ್ದು. ಶನಿವಾರ ಆಫೀಸಿನ ಕೆಲಸ ಎಂದು ಹೇಳಿ ಬರುತ್ತಿದ್ದನಂತೆ. ಹಲ್ಲಿನ ಸೆಟ್ಟು ಮಾಡುವವನಿಗೆ ಯಾವ ಆಫೀಸು, ನಿನಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಅವನ ಜೇಬು ತಡಕಿದೆಯಂತೆ, ಬಸ್ಸಿನ ಚೀಟಿ ಸಿಕ್ಕಿತಂತೆ, ಎರಡು ವಾರದಿಂದ ಅವನೊಂದಿಗೆ ಮಾತು ಬಿಟ್ಟು ಕಪಾಟು ಜೋಡಿಸುತ್ತಿದ್ದೀಯಂತೆ. ನನ್ನ ಮಗಳೇ ಸರಿ! ಆದರೆ ಈಗ ನಿಲ್ಲಿಸು. ಅವನು ಶನಿವಾರ ಹೋಗುತ್ತಿದ್ದದ್ದು ಬೇರೆ ಯಾರ ಮನೆಗೂ ಅಲ್ಲ, ನಿನ್ನ ಮನೆಗೆ. ತಾನೇ ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲ, ನೀವೇ ಬರೆಯಿರಿ ಎಂದು ಅವನು ಕೈಮುಗಿದ. ಅವನ ಕೈಯಲ್ಲೇ ಈ ಕಾಗದ ಕೊಡಬಹುದಿತ್ತು. ದಾರಿಯಲ್ಲಿ ಒಡೆದು ಓದಿಬಿಟ್ಟಾನು ಎಂದು ಅಂಚೆಗೆ ಹಾಕುತ್ತಿದ್ದೇನೆ. ಒಳ್ಳೆಯವನ ಹಾಗೆ ಕಾಣುತ್ತಾನೆ. ಪೂರ್ತಿ ನಂಬಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು. ಮದುವೆಯಾದದ್ದನ್ನು ಅಮ್ಮನಿಗೂ ಹೇಳದ ನಿನ್ನ ಮೇಲಿನ ಕೋಪ ಬೇರೆ ಇದೆ, ಅದನ್ನು ಕಾಗದದಲ್ಲಿ ಖರ್ಚು ಮಾಡುವುದಿಲ್ಲ, ಎದುರಿಗೆ ಸಿಕ್ಕಾಗ ಇರಲಿ.

ಔಷಧಿ ಅಂಗಡಿಯಾಕೆ ನಿನ್ನನ್ನು ಕೇಳಿದಳು. ನಾನು ಕೂಗಲೇ ಇಲ್ಲವೆಂದು ಅವಳಿಗೆ ಬೇಸರ. ಹೊತ್ತಿಗೆ ಸರಿಯಾಗಿ ಉಣ್ಣು. ಅವನಿಗೂ ಬಡಿಸು, ತುಂಬಾ ತೆಳ್ಳಗಿದ್ದಾನೆ. ಇಬ್ಬರೂ ತಣ್ಣಗಿರಿ, ಒಬ್ಬರನ್ನೊಬ್ಬರು ಕಾಯ್ದುಕೊಂಡಿರಿ ಎಂದು ಹರಸುತ್ತೇನೆ.

ನಿನ್ನ ಜೇಬು ತಡಕುವ ಬುದ್ಧಿಗೆ ಮೂಲ ಕಾರಣಳಾದ,
ಅಮ್ಮ

ಮತ್ತೊಂದು ಮಾತು, ಲಕೋಟೆ ಅಂಟಿಸುವ ಮೊದಲು: ಮಷೀನು ಓಡುತ್ತಿದೆ. ಕೀಲಿಗಳೆಲ್ಲಾ ಕೆಲಸ ಮಾಡುತ್ತಿವೆ, ಎರಡೂ ಫ್ಲಾಪಿ ತಿರುಗುತ್ತಿವೆ. ನಿನ್ನೆ ಅಳಿಯ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದರೆ ನಿಮ್ಮಪ್ಪ ಕೊಡಲಿಲ್ಲ. ಸ್ಕ್ರೀನಿನಲ್ಲಿ ಅಕ್ಷರದ ಸಾಲುಗಳು ಒಂದು ಕಡೆಗೆ ವಾಲಿವೆಯಂತೆ, ಟ್ಯೂಬಿನ ಕತ್ತಿನ ಸುರುಳಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕಂತೆ, ತಮ್ಮ ಕಣ್ಣಿಗೆ ಈಗ ಅದು ಕಾಣುವುದಿಲ್ಲವಂತೆ, ಅದನ್ನು ಮಾಡಬಲ್ಲ ಕೈ ಒಂದೇ ಅಂತೆ. "ಯಾರದೋ ಅವ್ರೇ ಬಂದು ಸರಿ ಮಾಡ್ಕೊಂಡು ತಗೊಂಡ್ಹೋಗ್ಲಿ" ಎಂದು ಹೇಳಿ ಕಳಿಸಿದ್ದಾರೆ. ನಾನು ನಿನಗೆ ಬಾ ಎನ್ನುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ ಅಷ್ಟೇ. ಆದರೆ ಇವರ ಕಣ್ಣಿನ ಮಾತನ್ನು ಮಾತ್ರ ನಂಬಬೇಡ. ಗುರುವಾರ ಟೀ ಕೊಡಲು ಹೋದಾಗ ನಾನೇ ನೋಡಿದೆ, ಸಾಲುಗಳು ನೆಟ್ಟಗಿದ್ದವು. ಟೀ ಲೋಟ ತರಲು ಮತ್ತೆ ಹೋದಾಗ ಇವರು ಸ್ಕ್ರೂಡ್ರೈವರ್ ಹಿಡಿದು ಹಿಂಬದಿಗೆ ಬಗ್ಗಿದ್ದರು, ಸಾಲುಗಳು ವಾಲಿದ್ದವು.